ಜಗಳ ಬರದ ಹಾಸು

ಅಕ್ಕನ ಮನೆಗೆ ಹೋಗುವ ದಾರಿ ಚಾವಡಿಯ ಆಟದ ಹಾಸಿನಲ್ಲಿ ಸವೆದುಹೋದ ಮೇಲೆ ನಾವು ಅವಳ ಜೊತೆ ಗೋಡೆಯ ಈಚೆ ನಿಂತೇ ಮಾತಾಡುತ್ತಿದ್ದೆವು. ಅವಳ ಒಲೆಯ ಹೊಗೆ ನಮಗೆ ಕಾಣುತ್ತಿತ್ತು. ಅವಳು ಮೆಣಸಿನಕಾಯಿ ಹುರಿದರೆ ಇಲ್ಲಿ ನಮ್ಮವ್ವ ಕೆಮ್ಮುತ್ತಿದ್ದಳು. ಆದರೆ ಏಣಿ ಹಾಕಿ ಗೋಡೆ ಹತ್ತಿ ಆ ಕಡೆ ಇಳಿದರೆ ನಾನು ಇಳಿಯುತ್ತಿದ್ದದ್ದು ನಮ್ಮದೇ ಹಿತ್ತಲಿಗೆ, ಅದೇ ಬಟ್ಟೆ ಒಗೆಯುವ ಕಲ್ಲಿನ ಪಕ್ಕಕ್ಕೆ. ಅಕ್ಕಿ, ಬೆಲ್ಲ, ಎಣ್ಣೆಯನ್ನು ಬುಟ್ಟಿಯಲ್ಲಿಟ್ಟು ಹಗ್ಗ ಕಟ್ಟಿ ಇಳಿಬಿಟ್ಟರೆ ಅವು ಸರಿಯಾಗಿ ಹೋಗಿ ಸೇರುತ್ತಿದ್ದವು. ಒಂದು ಸಲ ಭಾವ ತಾನೇ ಬುಟ್ಟಿಯೊಳಗೆ ಕೂತು ಎಳೆಯಿರಿ ಅಂದ. ಎಳೆದೆವು. ಬುಟ್ಟಿ ಬಂತು, ಭಾವ ಬರಲಿಲ್ಲ.

ನಮ್ಮೂರ ಬೀದಿಗಳು ಇರುವುದು ಹಾಸಿನ ಹಾಗೆ. ಚಾವಡಿಯ ನಡುವೆ ಒಂದು ಚಪ್ಪಟೆ ಕಲ್ಲಿದೆ, ಅದರ ಮೇಲೆ ನೇಯ್ದ ಬಟ್ಟೆಯ ಹಾಸು. ಅದರಲ್ಲಿ ಮನೆಗೊಂದು ಚೌಕ, ಚೌಕದಿಂದ ಚೌಕಕ್ಕೆ ದಾರಿ, ಪ್ರತಿ ಮನೆಯ ಹೆಸರಿನಲ್ಲಿ ಒಂದು ಹಿತ್ತಾಳೆ ಕಾಯಿ. ಸಂಜೆ ಜನ ಸೇರಿ ಕವಡೆ ಹಾಕಿ ಆಡುತ್ತಾರೆ. ಕಾಯಿ ಊರೆಲ್ಲ ಸುತ್ತಿ ತನ್ನ ಚೌಕಕ್ಕೆ ವಾಪಸು ಬಂದರೆ ಗೆದ್ದ ಹಾಗೆ. ಹಾಸಿನಲ್ಲಿ ದಾರಿ ಹೇಗಿದೆಯೋ ಊರಲ್ಲೂ ಹಾಗೇ. ಆಡಿ ಆಡಿ ಬಟ್ಟೆ ಸವೆದರೆ ಬೀದಿಯೂ ಸವೆಯುತ್ತದೆ. ತೇಪೆ ಹಾಕಲು ಹೋದವರಿಗೆ ಒಳ್ಳೆಯದಾಗಿಲ್ಲ. ಯಾರೋ ಒಮ್ಮೆ ಒಂದು ತೇಪೆ ಹೊಲಿದದ್ದಕ್ಕೆ ದೇವೀರಮ್ಮನ ಅಡುಗೆಮನೆಯ ಒಳಗೇ ಬೀದಿ ಹಾದುಹೋಗಿ, ಅವಳು ಸಾರಿಗೆ ಒಗ್ಗರಣೆ ಹಾಕುವಾಗ ಎಮ್ಮೆಗಳು ಬಂದು ನಿಲ್ಲುತ್ತಿದ್ದವು. ಹೊಸ ಹಾಸೇ ಬೇಕು. ಅದನ್ನು ಮಾಡುವವರು ಹೊರಗಿನಿಂದ ಬರುತ್ತಾರೆ. ಅವರಿಗೆ ಮನೆಮನೆಯಿಂದ ಹಿತ್ತಾಳೆ ಪಾತ್ರೆ ಕೊಡಬೇಕು. ಅದರಲ್ಲಿ ಸ್ವಲ್ಪ ಕರಗಿಸಿ ಹೊಸ ಕಾಯಿ ಎರೆಯುತ್ತಾರೆ, ಮಿಕ್ಕದ್ದು ಅವರ ಕೂಲಿ. ಹಾಸು ಬರುವುದು ಆಮೇಲೆ. ಮೊದಲು ಕೊಟ್ಟು ಆಮೇಲೆ ಕಾಯಬೇಕು.

ಅಕ್ಕನಿಗೆ ದಿನ ತುಂಬುತ್ತಿತ್ತು. ಚೊಚ್ಚಲು. ತವರಿಗೆ ಬರಬೇಕಾದವಳು ಗೋಡೆಯ ಆಚೆ ಒಬ್ಬಳೇ ಇದ್ದಳು. ಅತ್ತೆಯಿಲ್ಲದ ಮನೆ. ಭಾವ ಒಳ್ಳೆಯವನೇ, ಆದರೆ ನೀರು ಕಾಯಿಸೆಂದರೆ ಒಲೆ ಆರಿಸಿ ಬರುವಂಥವನು. ಅವ್ವ ದಿನಕ್ಕೊಂದು ಸಲ ಗೋಡೆಗೆ ಕೆನ್ನೆಯಾನಿಸಿ, "ಪುಟ್ಟತಾಯೀ, ಕಾಲು ಊದೈತೇನವ್ವಾ?" ಎಂದು ಕೇಳುವಳು. "ಊದಿಲ್ಲ ಕಣವ್ವ," ಎನ್ನುವಳು ಅಕ್ಕ. ಅವಳ ದನಿಯಲ್ಲೇ ಕಾಲು ಊದಿರುವುದು ಗೊತ್ತಾಗುತ್ತಿತ್ತು.

ಹೊಸ ಹಾಸು ಮಾಡಿಕೊಡುತ್ತೇನೆ ಅಂತ ತ್ರಿವಿಕ್ರಮ ಬಂದದ್ದು ಆಗ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಎಣ್ಣೆ ಹಾಕಿ ಬಾಚಿದ ತಲೆ. ಚಾವಡಿಗೆ ಬಂದವನೇ ಕಂಬದಿಂದ ಕಂಬಕ್ಕೆ ಒಂದು ರೇಷ್ಮೆ ಬಟ್ಟೆ ಬಿಚ್ಚಿ ಕಟ್ಟಿದ. ಅದರ ಮೇಲೆ ಹೊಸ ಹಾಸಿನ ಚಿತ್ರ ಬರೆದಿತ್ತು. ಅಂಥ ಬಣ್ಣಗಳನ್ನು ನಾವು ಕಂಡಿರಲಿಲ್ಲ. ಪ್ರತಿ ಮನೆಯೂ ಚಿತ್ರದಲ್ಲಿತ್ತು, ಹೆಂಚಿನ ಬಣ್ಣ ಸಮೇತ. ನಮ್ಮ ಮನೆಯ ಪಕ್ಕದಲ್ಲೇ ಅಕ್ಕನ ಮನೆ ಬರೆದಿದ್ದ, ನಡುವೆ ಒಂದು ಚಿಕ್ಕ ಓಣಿ. ಅವ್ವ ಅದನ್ನು ನೋಡಿ ಸೆರಗು ಬಾಯಿಗಿಟ್ಟುಕೊಂಡಳು. ಸುಳ್ಳು ಯಾಕೆ ಹೇಳಲಿ, ನಾನೂ ಆ ಓಣಿಯನ್ನೇ ನೋಡುತ್ತ ನಿಂತುಬಿಟ್ಟಿದ್ದೆ.

"ಇಲ್ಲಿ ಹಿತ್ತಾಳೆಯ ರಾಶಿ ಈ ಕಿಟಕಿಯ ಮಟ್ಟಕ್ಕೆ ಬಂದರೆ ಹಾಸು ಆಗುತ್ತೆ," ಅಂದ ತ್ರಿವಿಕ್ರಮ. "ತೊಲೆಯ ಮಟ್ಟಕ್ಕೆ ಬಂದರೆ ಮನೆಗೊಂದು ಹೂದೋಟ, ನನ್ನ ಕಡೆಯಿಂದ. ಸೂರು ಮುಟ್ಟಿದರೆ ಊರ ಪೂರ್ವಕ್ಕೆ ಸಮುದ್ರ."

"ಸಮುದ್ರ ಇಟ್ಕೊಂಡು ನಾವೇನ್ ಮಾಡಾನ?" ಎಂದೆ ನಾನು.

ಬೆಲ್ಲದಂಗಡಿ ಮಲ್ಲೇಶಣ್ಣ ನನ್ನ ಬೆನ್ನಿಗೆ ಗುದ್ದಿದ. "ಬಿಟ್ಟಿ ಬತ್ತಾ ಐತೆ, ಬರ್ಲಿ ಬಿಡ್ಲಾ. ನಿಮ್ಮಪ್ಪನ ಗಂಟೇನು ಹೋಗಾದು?"

ನಮ್ಮೂರಿನವರನ್ನು ಪೆದ್ದರು ಅಂದುಕೊಳ್ಳಬೇಡಿ. ಹಾಸು ಮಾಡುವವನನ್ನು ಪರೀಕ್ಷೆ ಮಾಡುವ ಪದ್ಧತಿ ನಮ್ಮಲ್ಲಿದೆ. ಅದಕ್ಕೆ ಸೋಲು ನೋಡುವುದು ಎನ್ನುತ್ತೇವೆ. ಬಂದವನು ತಾನು ತಂದ ಆಟವನ್ನು ನಮ್ಮ ಸಾಕವ್ವನ ಜೊತೆ ಆಡಿ ಸೋಲಬೇಕು. ತಾನೇ ಹೊಸೆದ ಆಟವಾದರೆ ಅದರಲ್ಲಿ ಎಲ್ಲಿ ಸೋಲಿದೆ ಅಂತ ಅವನಿಗೆ ತಿಳಿದಿರುತ್ತದೆ. ಕದ್ದು ತಂದವನಿಗೆ ಗೆಲ್ಲುವುದೊಂದೇ ಗೊತ್ತು. ಸಾಕವ್ವ ಊರಿನ ಹಳೆಯ ಆಟಗಾರ್ತಿ. ಬಾಯಲ್ಲಿ ಎಲೆಯಡಿಕೆ, ಕೈಯಲ್ಲಿ ಕವಡೆ, ಯಾರ ಮುಲಾಜೂ ಇಲ್ಲದ ಹೆಂಗಸು. ಅವಳು ಆಗಲಿ ಅಂದರೆ ಊರು ಹಿತ್ತಾಳೆ ಕೊಡುತ್ತದೆ.

ತ್ರಿವಿಕ್ರಮ ಚೀಲದಿಂದ ಅಂಗೈಯಗಲದ ಒಂದು ಮಾದರಿ ಹಲಗೆ ತೆಗೆದ. ಕೂತ. ಆಡಿದ. ಸೋತ. ಎಷ್ಟು ಚೆನ್ನಾಗಿ ಸೋತನೆಂದರೆ ಜನ ಚಪ್ಪಾಳೆ ತಟ್ಟಿದರು. "ಇನ್ನೊಂದ್ ಆಟ," ಅಂದಳು ಸಾಕವ್ವ. ಅದನ್ನೂ ಸೋತ, ಸೋತು ಕೈ ಮುಗಿದ. ಸಾಕವ್ವ ಎಲೆಯಡಿಕೆ ಉಗಿದು ಬಂದು, "ಆಗ್ಲಿ," ಎಂದಳು.

ನನಗೆ ಏನೋ ಸರಿಯಿಲ್ಲ ಅನ್ನಿಸಿತು. ಏನು ಅಂತ ಹೇಳಲು ಬರಲಿಲ್ಲ. ಮನೆಗೆ ಬಂದು ಎತ್ತಿಗೆ ಹುಲ್ಲು ಹಾಕುವಾಗಲೂ ಅದೇ ಯೋಚನೆ. ನಾನು ಗಾಡಿ ಹೊಡೆಯುವವನು, ಒಂಟಿ ಎತ್ತಿನ ಗಾಡಿ. ಎತ್ತಿನ ಹೆಸರು ಕೆಂದ. ಕೆಂದ ಹುಲ್ಲು ತಿನ್ನದೆ ನನ್ನ ಮುಖ ನೋಡಿತು. "ನೀನೇನ್ಲಾ ನೋಡ್ತೀಯ?" ಅಂತ ಅದಕ್ಕೂ ಬೈದೆ. ಆಮೇಲೆ, ಸಣ್ಣವನಿದ್ದಾಗ ಈಗಿನ ಹಾಸು ಮಾಡಿಕೊಟ್ಟ ಮುದುಕನ ನೆನಪಾಯಿತು. ಅವನ ಸೋಲು ನೋಡುವಾಗ ಚಾವಡಿಯಲ್ಲಿ ಎಂಥ ಜಗಳ! ಸಾಕವ್ವನ ಕಾಯಿ ಅವನು ಎಣಿಸಿರದ ಒಂದು ಮೂಲೆಗೆ ಹೋಗಿ ಕೂತುಬಿಟ್ಟಿತ್ತು. "ಅಲ್ಲಿಗೆ ಹೋಗಂಗಿಲ್ಲ," ಅಂದ ಮುದುಕ. "ಯಾಕ್ ಹೋಗಂಗಿಲ್ಲ? ಎಲ್ಲಿ ಬರ್ದಿದ್ದೀಯ?" ಅಂದಳು ಇವಳು. ಅವನು ಪೇಟ ತೆಗೆದು ನೆಲಕ್ಕೆ ಕುಕ್ಕಿ, ಯಾರಿಗೂ ಹೇಳದೆ ಹೋಗಿ ಮಲಗಿಬಿಟ್ಟ. ಎದ್ದು ಬಂದವನು, "ಹೋಗ್ಬೋದು. ಆದ್ರೆ ಹೋದ್ರೆ ಒಂದು ಸುತ್ತು ಕವಡೆ ಹಾಕಂಗಿಲ್ಲ," ಎಂದು ಹೊಸ ನಿಯಮ ಹೇಳಿದ. ಅದು ಈಗಲೂ ನಮ್ಮ ಆಟದಲ್ಲಿದೆ. ಹೊಸ ಆಟ ಅಂದರೆ ಹಾಗೆ, ಅದನ್ನು ಹೊಸೆದವನೂ ಕಂಡಿರದ ಮೂಲೆಯೊಂದು ಅದರಲ್ಲಿ ಇದ್ದೇ ಇರುತ್ತದೆ. ತ್ರಿವಿಕ್ರಮನ ಆಟದಲ್ಲಿ ಜಗಳವೇ ಬರಲಿಲ್ಲ. ನನ್ನನ್ನು ಚುಚ್ಚಿದ್ದು ಅದೇ.

ಮಾರನೆಯ ದಿನ ಅವನು ಮಲ್ಲೇಶಣ್ಣನ ಅಂಗಡಿಯ ಜಗಲಿಯ ಮೇಲೆ ಕೂತು ಎಲ್ಲರ ಬೇಡಿಕೆ ಕೇಳುತ್ತಿದ್ದ. ನಾನೂ ಹೋಗಿ ನಿಂತೆ. "ಸ್ವಾಮೀ, ಬಾವಿ ಬೀದಿ ನನ್ನಂಗಡಿ ಮುಂದೇ ಬರ್ಬೇಕು. ಗಿರಾಕಿ ಜಾಸ್ತಿ ಆಯ್ತಾರೆ," ಅಂದ ಮಲ್ಲೇಶಣ್ಣ.

"ಖಂಡಿತ ಬರುತ್ತೆ ಅಣ್ಣಾ," ಅಂದ ತ್ರಿವಿಕ್ರಮ.

ಮಲ್ಲೇಶಣ್ಣ ಒಳಗೆ ಹೋದ ಮೇಲೆ ಎದುರು ಮನೆಯ ದೇವೀರಮ್ಮ ಬಂದಳು. "ಬಾವಿ ಬೀದಿ ಮಾತ್ರ ಈ ಕಡೀಕ್ ಬ್ಯಾಡಪ್ಪಾ. ಎಮ್ಮೆ ಕಾಟ ನಂಗೆ ಸಾಕಾಗೋಗೈತೆ."

"ಖಂಡಿತ ಬರೋದಿಲ್ಲ ಅಮ್ಮಾ."

ನಾನು ಅವನ ಮುಖ ನೋಡಿದೆ. ಕಣ್ಣು ಮಿಟುಕಿಸಲೂ ಇಲ್ಲ. ನಾನು ಸ್ಕೂಲು ಬಿಟ್ಟದ್ದೂ ಇಂಥದಕ್ಕೇ. ಮೇಷ್ಟ್ರು ಬೆಳಿಗ್ಗೆ ಒಬ್ಬನಿಗೆ ಸರಿ ಅಂದ ಲೆಕ್ಕವನ್ನೇ ಮಧ್ಯಾಹ್ನ ಇನ್ನೊಬ್ಬನಿಗೆ ತಪ್ಪು ಅಂದರು. ಎದ್ದು ಕೇಳಿದ್ದಕ್ಕೆ ಕಿವಿ ಹಿಂಡಿದರು. ಸ್ಲೇಟು ಅಲ್ಲೇ ಕುಕ್ಕಿ ಬಂದವನು ಮತ್ತೆ ಆ ಕಡೆ ತಲೆ ಹಾಕಲಿಲ್ಲ.

"ಬತ್ತದೋ ಬರಲ್ವೋ? ಒಂದ್ ಹೇಳಿ," ಅಂದೆ.

"ತಮ್ಮಾ, ನನ್ನ ಆಟದಲ್ಲಿ ಯಾರಿಗೂ ಇಲ್ಲ ಅನ್ನುವ ಮಾತೇ ಇಲ್ಲ," ಎಂದು ನಕ್ಕ.

"ಹಂಗಾರೆ ಎರಡು ಕಾಯಿ ಒಂದೇ ಚೌಕಕ್ಕೆ ಬಂದ್ರೆ?"

"ಎರಡೂ ಇರಬಹುದು."

"ಯಾರೂ ಇರಂಗಿಲ್ಲ ಅಂತ ನಾವು ಮಾತಾಡ್ಕೊಂಡ್ರೆ?"

"ಹಾಗೂ ಆಡಬಹುದು. ಅದೇ ಈ ಆಟದ ವಿಶೇಷ."

ಸಿಟ್ಟು ಬಂದರೆ ನನಗೆ ಮಾತು ಸರಿಯಾಗಿ ಬರುವುದಿಲ್ಲ, ದನಿಯೊಂದೇ ಬರುತ್ತದೆ. ಆ ಸಂಜೆ ಚಾವಡಿಯಲ್ಲಿ ಎದ್ದು ನಿಂತು ಕೂಗಿದೆ. ಜಗಳ ಬರಲಿಲ್ಲ, ಜಗಳ ಬರಲಿಲ್ಲ ಅಂದೆ. ಎಲ್ಲರೂ ನನ್ನನ್ನೇ ನೋಡಿದರು. "ಜಗ್ಳ ಬರ್ದೇ ಇದ್ರೆ ನಿಂಗೇನ್ಲಾ ಕಷ್ಟ? ಎಲ್ಲಿ ನೋಡಿದ್ರೂ ಜಗ್ಳಾನೇ ಬೇಕು ನಿಂಗೆ," ಅಂದ ಮಲ್ಲೇಶಣ್ಣ. ನಗು ಎದ್ದಿತು. ಬಾವಿ ಬೀದಿಯ ವಿಷಯ ಹೇಳಿದೆ. ಮಲ್ಲೇಶಣ್ಣ ದೇವೀರಮ್ಮನ ಮುಖ ನೋಡಿದ, ದೇವೀರಮ್ಮ ಮಲ್ಲೇಶಣ್ಣನ ಮುಖ ನೋಡಿದಳು. ಆಮೇಲೆ ಇಬ್ಬರೂ ಒಟ್ಟಿಗೇ, "ಅಷ್ಟು ಓದಿರೋ ಮನ್ಸ, ಏನಾದ್ರೂ ಒಂದು ಉಪಾಯ ಇಟ್ಕೊಂಡೇ ಇರ್ತಾನೆ," ಎಂದರು. ಇಬ್ಬರೂ ಆಗಲೇ ಪಾತ್ರೆ ಕೊಟ್ಟಾಗಿತ್ತು. ಕೊಟ್ಟವರು ಅವನ ಪರ ವಹಿಸಿದಷ್ಟು ಅವನೇ ತನ್ನ ಪರ ವಹಿಸಲಿಲ್ಲ. ಅವನು ಮೂಲೆಯಲ್ಲಿ ಕೂತು ದೇವೀರಮ್ಮ ಕೊಟ್ಟ ಮಜ್ಜಿಗೆ ಕುಡಿಯುತ್ತಿದ್ದ.

ಸಾಕವ್ವ ಮಾತ್ರ ನಗಲಿಲ್ಲ. ಕವಡೆ ಒರೆಸುತ್ತ ಕೂತಿದ್ದವಳು, ನಾನು ಹೊರಡುವಾಗ, "ನಾನು ಆಗ್ಲಿ ಅಂದ್ಬುಟ್ಟಿದ್ದೀನಿ ಕಣ್ಲಾ," ಎಂದಳು, ಅಷ್ಟೇ. ಬೈದಳೋ, ಕೇಳಿಕೊಂಡಳೋ ನನಗೆ ತಿಳಿಯಲಿಲ್ಲ.

ಮನೆಗೆ ಬಂದರೆ ಅವ್ವ ಬಚ್ಚಲ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದಳು. ಅವಳು ಮದುವೆಯಾಗಿ ಬಂದಾಗಿನಿಂದ ಇದ್ದ ಹಿತ್ತಾಳೆ ಹಂಡೆ. ನಾವಿಬ್ಬರೂ ಹುಟ್ಟಿದಾಗ ಅವಳಿಗೆ ಬಾಣಂತಿ ನೀರು ಕಾದದ್ದು ಅದರಲ್ಲೇ. ಅಕ್ಕನಿಗೂ ಕಾಯಬೇಕಾದದ್ದು ಅದರಲ್ಲೇ.

"ಅದನ್ಯಾಕವ್ವ ತಿಕ್ತಿದ್ದೀಯ?"

"ನಮ್ಮನೇಲಿ ಬ್ಯಾರೆ ಹಿತ್ತಾಳೆ ಎಲ್ಲೈತ್ಲಾ?"

"ಅವ್ನು ಕಳ್ಳ ಕಣವ್ವ. ಹಂಡೇನೂ ಹೋಗ್ತದೆ, ದಾರೀನೂ ಬರಲ್ಲ."

ಅವ್ವ ತಿಕ್ಕುವುದನ್ನು ನಿಲ್ಲಿಸಲಿಲ್ಲ. "ಹಂಡೆ ಇಟ್ಕೊಂಡು ಮಗಳಿಲ್ದೆ ನಾನು ಯಾರಿಗ್ಲಾ ನೀರು ಹುಯ್ಲಿ?" ಎಂದಳು.

ನಾನು ಹಿತ್ತಲಿಗೆ ಹೋಗಿ ಗೋಡೆಯ ಹತ್ತಿರ ನಿಂತೆ. ಅಕ್ಕ ಆ ಕಡೆ ಇದ್ದಳು. ಅವಳು ಉಸಿರು ಬಿಡುವುದು ಕೇಳಿಸುತ್ತಿತ್ತು, ಭಾರವಾಗಿ, ಏರು ಹತ್ತುವವರ ಹಾಗೆ. ಎಲ್ಲ ಹೇಳಿದೆ. ಸೋಲು, ಜಗಳ, ಬಾವಿ ಬೀದಿ, ಹಂಡೆ.

"ನಿಂಗೆ ಗ್ಯಾರಂಟಿ ಗೊತ್ತಾ, ಅವ್ನು ಕಳ್ಳ ಅಂತ?" ಎಂದಳು.

ಗೊತ್ತಾ? ಆ ಪ್ರಶ್ನೆಗೆ ನನ್ನ ತಲೆ ಕೆಟ್ಟಿತು. ನನಗೆ ಎಲ್ಲರ ಮೇಲೂ ಸಿಟ್ಟು ಬರುತ್ತದೆ. ಮೇಷ್ಟ್ರ ಮೇಲೆ, ಮಲ್ಲೇಶಣ್ಣನ ಮೇಲೆ, ಎತ್ತಿನ ಮೇಲೆ. ಇವನ ಮೇಲೆ ಬಂದದ್ದೂ ಅದೇ ಸಿಟ್ಟೋ ಏನೋ. ಜಗಳವಿಲ್ಲದ ಆಟ ಎಲ್ಲೂ ಇರಬಾರದು ಅಂತ ಇದೆಯೇ? ಅವನ ಚಿತ್ರದ ಓಣಿ ಕಣ್ಣ ಮುಂದೆ ಬಂತು.

"ಗೊತ್ತಿಲ್ಲ ಕಣಕ್ಕ," ಅಂದೆ.

"ಹಂಗಾರೆ ಸುಮ್ಕಿರು. ಅವ್ನು ಸುಳ್ಳಾದ್ರೆ ನಂಗೆ ಇನ್ಯಾವ ದಾರಿ ಐತೆ ಹೇಳು?" ಅಂದವಳು ಅಳುತ್ತಿರಲಿಲ್ಲ. ಅತ್ತಿದ್ದರೆ ವಾಸಿಯಿತ್ತು.

ಹಂಡೆಯನ್ನು ನಾನೇ ಹೊತ್ತುಕೊಂಡು ಹೋಗಿ ರಾಶಿಯ ಮೇಲಿಟ್ಟೆ. ಅದನ್ನಿಟ್ಟ ಮೇಲೆ ರಾಶಿ ತೊಲೆ ಮುಟ್ಟಿತು. ಹೂದೋಟ ಬಂತು ಅಂತ ಜನ ಕೂಗಿದರು.

ಕೊನೆಗೆ ಅವನು ಹೊರಡುವ ದಿನವೂ ಬಂತು. ಊರಾಚೆ ತನ್ನ ಕುಲುಮೆಯಿದೆ, ಅಲ್ಲಿ ಕಾಯಿ ಎರೆಸಿ, ಹಾಸು ನೇಯಿಸಿ ತರುತ್ತೇನೆ ಎಂದ. ನಂಬಿಕೆಗೆ ಇರಲಿ ಅಂತ ರೇಷ್ಮೆಯ ಚಿತ್ರವನ್ನು ಚಾವಡಿಯಲ್ಲೇ ಬಿಟ್ಟ. ಹಿತ್ತಾಳೆ ಸಾಗಿಸಲು ಊರಿನವರು ಗೊತ್ತು ಮಾಡಿದ್ದು ನನ್ನ ಗಾಡಿಯನ್ನೇ. ಬೆಳಿಗ್ಗೆ ಎದ್ದು ಒಂದೊಂದೇ ಪಾತ್ರೆ ಹೇರಿದೆ. ಒಂದೊಂದಕ್ಕೂ ಒಂದೊಂದು ಮನೆಯ ಹೊಗೆಯ ವಾಸನೆಯಿತ್ತು. ಎಲ್ಲಕ್ಕಿಂತ ಮೇಲೆ ನಮ್ಮ ಹಂಡೆ. ಹಗ್ಗ ಬಿಗಿದು ಕೆಂದನ ಕೊರಳಿಗೆ ನೊಗ ಕಟ್ಟುವಾಗ, "ಬೇಗ ಹೊರಡೋಣ ತಮ್ಮಾ, ಬಿಸಿಲೇರುತ್ತೆ," ಅಂದ ತ್ರಿವಿಕ್ರಮ. ಅವನ ದನಿಯಲ್ಲಿ ಅವಸರ ಕಂಡದ್ದು ಅದೇ ಮೊದಲು.

"ನೀರು ಕುಡ್ದು ಬತ್ತೀನಿ," ಅಂತ ಚಾವಡಿಯೊಳಗೆ ಹೋದೆ. ನೀರು ಕುಡಿಯಲು ಹೋದದ್ದು ನಿಜ. ಮಡಕೆಯ ಹತ್ತಿರ ಸಾಕವ್ವ ಕೂತು, ಕಂಬಕ್ಕೆ ಕಟ್ಟಿದ್ದ ಚಿತ್ರವನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದಳು. ನಾನು ಲೋಟ ಕೆಳಗಿಟ್ಟೆ. ಆಮೇಲೆ ಏನಾಯಿತೋ, ಹೋಗಿ ಚಿತ್ರದ ಗಂಟು ಬಿಚ್ಚಿ, ತಂದು ಹಳೆಯ ಹಾಸಿನ ಮೇಲೆ ಹಾಸಿದೆ.

"ಏನ್ ಮಾಡ್ತಿದ್ದೀಯ್ಲಾ?"

"ಆಡಾನ ಬಾ ಅತ್ತೆ. ಅವ್ನಿಲ್ದೆ. ನೀನು, ನಾನು."

"ಚಿತ್ರದ ಮ್ಯಾಲೆ ಕಾಯಿ ಇಡಬಾರ್ದು ಕಣೋ, ಹುಚ್ಚಾ. ಇಟ್ರೆ ಅದೇ ಊರಿನ ಹಾಸಾಯ್ತದೆ, ಇಟ್ಟ ಕಾಯಿ ಎತ್ತಂಗಿಲ್ಲ."

"ಅವ್ನು ಇದ್ದಾಗ ನೀನು ಆಡಿದ್ದು ಅಂಗೈಯಗಲದ ಹಲಗೆ. ಇದನ್ನ ಯಾರು ಆಡಿ ನೋಡಿದ್ರು? ಹೇಳು, ಯಾರು ನೋಡಿದ್ರು?" ಎನ್ನುತ್ತಲೇ ನಮ್ಮ ಮನೆಯ ಕಾಯಿ ತೆಗೆದು ಚಿತ್ರದಲ್ಲಿ ನಮ್ಮ ಮನೆಯ ಚೌಕದಲ್ಲಿ ಕುಕ್ಕಿದೆ. ಠಣ್ ಅಂದಿತು. ಜನ ಓಡಿ ಬಂದರು. ಸಾಕವ್ವ ನನ್ನನ್ನು ನುಂಗುವ ಹಾಗೆ ನೋಡಿದಳು. ಆಮೇಲೆ ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು ಚಕ್ಕಂಬಕ್ಕಳ ಹಾಕಿ ಕೂತಳು. "ಕವಡೆ ಕೊಡು," ಎಂದಳು.

ಮೊದಲು ನನ್ನ ಕಾಯಿ. ನಮ್ಮ ಚೌಕದಿಂದ ಹೊರಟು ಅಕ್ಕನ ಓಣಿಗೆ ಹೋಗಬೇಕು. ಓಣಿ ಶುರುವಾಗುವ ಕಡೆ ಒಂದು ಕಮಲದ ಹೂವು ಬರೆದಿದ್ದ. ಕಾಯಿ ಹೂವಿನ ಹತ್ತಿರ ನಿಂತಿತು. ಮುಂದೆ ಹೋಗಲು ಗೆರೆಯಿಲ್ಲ, ಹೂವೇ ಇತ್ತು. "ಈ ಕಡೆಯಿಂದ ಸುತ್ಕೊಂಡು ಬಾ," ಅಂದಳು ಸಾಕವ್ವ. ಆ ಕಡೆಯೂ ಒಂದು ಕಮಲ. ಬಾವಿಯ ಹತ್ತಿರ ಕಮಲ. ಮಲ್ಲೇಶಣ್ಣನ ಅಂಗಡಿಗೂ ದೇವೀರಮ್ಮನ ಮನೆಗೂ ನಡುವೆ ಎಲ್ಲಕ್ಕಿಂತ ದೊಡ್ಡ ಕಮಲ. ಎಲ್ಲೆಲ್ಲಿ ದಾರಿ ದಾರಿಯನ್ನು ಕೂಡಬೇಕಿತ್ತೋ ಅಲ್ಲೆಲ್ಲ ಅವನು ಒಂದೊಂದು ಹೂವು ಬರೆದು ಮುಚ್ಚಿದ್ದ. ಅದನ್ನೇ ನಾವು ಇಷ್ಟು ದಿನ ಆಹಾ ಅಂತ ನೋಡಿದ್ದೆವು.

"ಅಯ್ಯೋ ಮುಂಡೇದೇ," ಅಂದಳು ದೇವೀರಮ್ಮ.

ಆಗ ಎದ್ದಿತು ನೋಡಿ ಜಗಳ. "ಹೂವಿನ ಮ್ಯಾಲೇ ಹೋಗ್ಬೋದು ಅಂತ ಇರ್ಬೇಕು," ಅಂದ ಮಲ್ಲೇಶಣ್ಣ. "ಹೋಗಂಗಿದ್ರೆ ಎಮ್ಮೆನೂ ಬತ್ತದೆ, ನಾನೊಪ್ಪಲ್ಲ," ಅಂದಳು ದೇವೀರಮ್ಮ. "ನಿನ್ನೆಮ್ಮೆಗೋಸ್ಕರ ಊರು ಮುಚ್ಕೊಂಡು ಕೂತ್ಕೊಳಾನಾ?" "ನಂದಲ್ಲ ಎಮ್ಮೆ! ಅದೇ ನಾನು ಹೇಳ್ತಿರೋದು!" ಅಲ್ಲಿದ್ದವರೆಲ್ಲ ಒಂದೇ ಸಲ ಮಾತಾಡಿದರು. ಯಾರೋ ನನ್ನ ಅಂಗಿ ಹಿಡಿದರು, ನಾನು ಯಾರ ಅಂಗಿಯನ್ನೋ ಹಿಡಿದೆ. ಸಾಕವ್ವ ಒಲೆಯಿಂದ ಇದ್ದಿಲು ತರಿಸಿ, ಅಂಗಡಿಯ ಮುಂದಿನ ಕಮಲದ ಮೇಲೆ ಅಡ್ಡ ಗೆರೆಯೊಂದು ಎಳೆದಳು. "ಬಾವಿ ಬೀದಿ ಅಂಗಡಿ ಮುಂದೆ ಬರ್ಲಿ. ದೇವೀರಿ ಬಾಗ್ಲು ಹಿಂದುಗಡೀಕ್ ತಿರುಗ್ಲಿ. ಅವ್ಳಿಗೆ ಬಾಗ್ಲು ತಿರುಗ್ಸಿಕೊಂಡ ಕಷ್ಟಕ್ಕೆ ಮಲ್ಲೇಶ ವರ್ಸೆಲ್ಲ ಬೆಲ್ಲ ಕೊಡ್ಲಿ."

"ವರ್ಸೆಲ್ಲನಾ?" ಅಂತ ಮಲ್ಲೇಶಣ್ಣ ಬಾಯಿ ಬಿಟ್ಟ. ಆದರೆ ಹೊರಗೆ ದಡ್ ಎಂದು ಸದ್ದಾಯಿತು. ಹೋಗಿ ನೋಡಿದವರು ಬಂದು, ದೇವೀರಮ್ಮನ ಬಾಗಿಲು ಹಿಂದೆ ತಿರುಗಿದೆ, ರಂಗೋಲಿಯ ಸಮೇತ, ಅಂದರು.

ಸಾಕವ್ವ ಇದ್ದಿಲನ್ನು ನನ್ನ ಕೈಗೆ ಕೊಟ್ಟಳು. "ನಿಮ್ಮಕ್ಕನ ಓಣಿ ನೀನೇ ಎಳೀಲಾ."

ಕಮಲದ ನಡುವೆ ಸೊಟ್ಟಗೆ ಒಂದು ಗೆರೆ ಎಳೆದೆ. ಅದು ನೆಟ್ಟಗೆ ಬರಲಿಲ್ಲ. ಮಧ್ಯದಲ್ಲಿ ಇದ್ದಿಲು ಮುರಿಯಿತು, ಮುರಿದ ಚೂರಿನಿಂದಲೇ ಮುಗಿಸಿದೆ.

ಅಷ್ಟರಲ್ಲಿ ಯಾರೋ ಕೂಗಿದರು, ಗಾಡಿ ಇಲ್ಲ ಅಂತ. ಹೊರಗೆ ಬಂದು ನೋಡಿದರೆ ಗಾಡಿಯೂ ಇಲ್ಲ, ಎತ್ತೂ ಇಲ್ಲ, ತ್ರಿವಿಕ್ರಮನೂ ಇಲ್ಲ. ನಾವು ಒಳಗೆ ಹೊಡೆದಾಡುತ್ತಿದ್ದಾಗ ಅವನೇ ಹೊಡೆದುಕೊಂಡು ಹೋಗಿದ್ದ. ಊರಿನ ಹಿತ್ತಾಳೆಯೆಲ್ಲ ಅದರಲ್ಲಿ. ಜನ ತಲೆಯ ಮೇಲೆ ಕೈ ಹೊತ್ತು ಕೂತರು. ಊರಾಚೆಯ ದಾರಿಗೆ ಓಡಿದವರು ಪೆಚ್ಚು ಮುಖ ಮಾಡಿಕೊಂಡು ಬಂದರು. ಆ ದಾರಿಯೇ ಇಲ್ಲವಂತೆ. ಸಾಕವ್ವ ಚಿತ್ರದ ಅಂಚಿನ ಮೇಲೆ ಬೆರಳಾಡಿಸಿದಳು. ಊರು ಮುಗಿದು ಹೊರಗಿನ ದಾರಿ ಶುರುವಾಗಬೇಕಾದ ಕಡೆ ಅವನು ಒಂದು ಸೂರ್ಯೋದಯ ಬರೆದಿದ್ದ, ಚೌಕವಿರಲಿಲ್ಲ.

ನಾನು ಮನೆಯ ಕಡೆ ಓಡಿದೆ. ನಮ್ಮ ಹಿತ್ತಲಿನ ಗೋಡೆ ನಡುವೆ ಸೀಳಿಕೊಂಡಿತ್ತು. ಅಲ್ಲಿ ಒಂದು ಓಣಿ, ಸೊಟ್ಟಗೆ, ಮಧ್ಯದಲ್ಲಿ ಇದ್ದಿಲು ಮುರಿದ ಕಡೆ ಒಂದು ಮೆಟ್ಟಿಲಷ್ಟು ತಗ್ಗು. ಆ ಓಣಿಯಲ್ಲಿ ಅಕ್ಕ ಬರುತ್ತಿದ್ದಳು. ಒಂದು ಕೈ ಸೊಂಟದ ಮೇಲೆ, ಒಂದು ಕೈ ಗೋಡೆಯ ಮೇಲೆ. ಹಿಂದೆ ಭಾವ, ಅವಳ ಗಂಟು ಹೊತ್ತುಕೊಂಡು, ಈಗಲೂ ತಾನು ಬಂದದ್ದು ನಿಜವೋ ಬುಟ್ಟಿಯೊಂದೇ ಬಂತೋ ಅನ್ನುವ ಹಾಗೆ ಕೈಕಾಲು ಮುಟ್ಟಿ ನೋಡಿಕೊಳ್ಳುತ್ತ. ಅಕ್ಕ ತಗ್ಗಿನಲ್ಲಿ ಎಡವಿದಳು. ಹಿಡಿದುಕೊಂಡೆ.

"ನೆಟ್ಟಗೆ ಎಳಿಯಕ್ ಬರಲ್ವೇನ್ಲಾ ನಿಂಗೆ?" ಎಂದಳು. ಕಾಲು ಕುಂಬಳಕಾಯಿಯಷ್ಟು ಊದಿತ್ತು.

ಅವ್ವ ಅವಳನ್ನು ಒಳಗೆ ಕೂರಿಸಿದಳು, ಮುಖ ಸವರಿದಳು, ಹೊಟ್ಟೆ ಮುಟ್ಟಿದಳು, ಬಿಸಿನೀರು ಹಾಕಬೇಕು ಎಂದಳು. ಹಂಡೆಯಿಲ್ಲದ ಬಚ್ಚಲ ಒಲೆಯ ಮುಂದೆ ನಿಂತಳು. ನಾನು ಏನು ಹೇಳಲಿ ಅಂತ ಯೋಚಿಸುತ್ತಿದ್ದಾಗ ಹೊರಗೆ ಕೊರಳ ಗಂಟೆ ಕೇಳಿಸಿತು. ಕೆಂದ. ಗಾಡಿ ಎಳೆದುಕೊಂಡು ಬಂದು ನಮ್ಮ ಬಾಗಿಲಲ್ಲಿ ನಿಂತಿತ್ತು. ಗಾಡಿಯ ಮುಂದೆ ಮೂಕಿಮರದ ಮೇಲೆ ತ್ರಿವಿಕ್ರಮ, ಅಂಗಿ ಬೆವರಿಗೆ ಅಂಟಿಕೊಂಡು, ಬಾಚಿದ ತಲೆ ಕೆದರಿಕೊಂಡು. ಮೇಲೆ ನಮ್ಮ ಹಂಡೆ ಅಲುಗಾಡದೆ ಕೂತಿತ್ತು.

"ತಮ್ಮಾ," ಎಂದ. ದನಿ ಬತ್ತಿತ್ತು. "ಎಷ್ಟು ಹೋದರೂ ಇಲ್ಲಿಗೇ ಬರುತ್ತಲ್ಲ. ಆಚೆ ಹೋಗೋ ದಾರಿ ಎಲ್ಲಿ?"

ಅವನು ಹೂವು ಬರೆದ ಹಾಸಿನಿಂದ ಹೀಗಾಯಿತೋ, ಮನೆಯ ದಾರಿಯೊಂದನ್ನೇ ಬಲ್ಲ ಎತ್ತಿನಿಂದ ಹೀಗಾಯಿತೋ, ನನಗೆ ಈಗಲೂ ತಿಳಿಯದು. ನಾನು ಅವನ ಕೊರಳುಪಟ್ಟಿ ಹಿಡಿದು ಕೆಳಗೆಳೆದೆ. ಕೈ ಎತ್ತಿದ್ದೆ ಕೂಡ. ಅಷ್ಟರಲ್ಲಿ ಜನ ಬಂದು ಸೇರಿದರು. "ಕಳ್ಳ, ಹೊಡೀರಿ," ಅಂದರು ಕೆಲವರು. "ತಡೀರಿ, ಹಾಸು ಬಂತಲ್ಲ? ದಾರಿ ಆಯ್ತಲ್ಲ? ಅವ್ನು ಹೇಳ್ದಂಗೇ ಆಯ್ತಲ್ಲ?" ಅಂದರು ಕೆಲವರು. ತ್ರಿವಿಕ್ರಮ ಅದನ್ನು ಕೇಳಿ ಒಂದು ಗಳಿಗೆ ತನ್ನ ಮೇಲೆ ತನಗೇ ನಂಬಿಕೆ ಬಂದವನ ಹಾಗೆ ನನ್ನ ಮುಖ ನೋಡಿದ. ಮಲ್ಲೇಶಣ್ಣ ಗುಂಪಿನ ಹಿಂದಿನಿಂದ, "ಅದೆಲ್ಲ ಇರ್ಲಿ, ಸಮುದ್ರ ಎಲ್ಲಿ?" ಎಂದ.

"ಸಮುದ್ರಾನೂ ಬೇಕಾ ನಿಂಗೆ? ಮೊದ್ಲು ಬೆಲ್ಲ ತೆಗಿ," ಅಂದಳು ದೇವೀರಮ್ಮ.

ನನ್ನ ಎತ್ತಿದ ಕೈ ಎತ್ತಿದ ಹಾಗೇ ಇತ್ತು. ಇವನು ಕಳ್ಳ ಅಂತ ನನಗೆ ಮೊದಲೇ ಅನ್ನಿಸಿತ್ತು, ನಾನು ಹೇಳಿದ್ದೇ ಸರಿಯಾಯಿತು. ಆದರೂ ಇವನ ಬಟ್ಟೆಯಿಲ್ಲದಿದ್ದರೆ ನಾನು ಇದ್ದಿಲಿನ ಗೆರೆಯನ್ನು ಎಲ್ಲಿ ಎಳೆಯುತ್ತಿದ್ದೆ? ಹೊಡೆಯಬೇಕೋ ಬಿಡಬೇಕೋ. ತಲೆಯೆಲ್ಲ ಗೊಜಗೊಜ. ಹಿಂದೆ ಬಂದಿದ್ದ ಸಾಕವ್ವನನ್ನು, "ಅತ್ತೆ, ನೀನು ಹೇಳು, ಇವ್ನನ್ನ ಏನ್ ಮಾಡಾನ?" ಎಂದೆ.

"ಆಚೀಕೋಗೋ ಚೌಕ ಇನ್ನೂ ಎಳೆದಿಲ್ಲ. ಅದ್ಯಾವ ಕಡೆ ಇರ್ಬೇಕು ಅಂತ ಊರು ಜಗ್ಳ ಆಡಿ ತೀರ್ಮಾನ ಆಗ್ಬೇಕು. ಅಲ್ಲೀಗಂಟ ಇವ್ನು ಎಲ್ಲಿಗೆ ಹೋದಾನು?" ಎಂದವಳು ತ್ರಿವಿಕ್ರಮನ ಕಡೆ ತಿರುಗಿ, "ನಾಳೆ ಚಾವಡೀಗೆ ಬಾರಪ್ಪಾ. ನಿನ್ನ ಸೋಲು ನಾನು ಇನ್ನೂ ನೋಡಿಲ್ಲ," ಎಂದಳು.

ಅವ್ವ ಇದ್ಯಾವುದಕ್ಕೂ ಕಿವಿಗೊಡಲಿಲ್ಲ. ಗುಂಪು ಸರಿಸಿಕೊಂಡು ಬಂದು, ಭಾವನ ಕೈಯಲ್ಲಿ ಗಾಡಿಯಿಂದ ಹಂಡೆ ಇಳಿಸಿಕೊಂಡು ಹೋಗಿ ಒಲೆಯ ಮೇಲೆ ಕೂರಿಸಿದಳು. ನೀರು ತುಂಬಿಸಿದಳು. ಒಳಗೆ ಅಕ್ಕ ಸಣ್ಣಗೆ ನರಳಿದಳು. ಅವ್ವ ತಟ್ಟನೆ ತಿರುಗಿ, ಬಾಗಿಲಲ್ಲಿ ನನ್ನ ಕೈಗೆ ಸಿಕ್ಕಿಕೊಂಡು ನಿಂತಿದ್ದ ತ್ರಿವಿಕ್ರಮನನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದಳು.

"ಅವ್ನ ಬಿಡ್ಲಾ," ಎಂದಳು ನನಗೆ. ಅವನ ಕೈಗೆ ಊದುಗೊಳವೆ ಕೊಟ್ಟಳು. "ಸೌದೆ ಹಸಿ ಐತೆ. ಕೂತ್ಕೊಂಡು ಊದಪ್ಪ."

ಅವನು ಬಿಳಿ ಅಂಗಿಯ ತೋಳು ಮಡಿಚಿ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಊದಿದ. ಹೊಗೆ ಮುಖಕ್ಕೆ ಬಂತು, ಕೆಮ್ಮಿದ, ಮತ್ತೆ ಊದಿದ. ನಾನು ಸೌದೆ ಮುರಿಮುರಿದು ಅವನ ಪಕ್ಕಕ್ಕೆ ಎಸೆಯುತ್ತ ನಿಂತೆ. ನನ್ನ ಸಿಟ್ಟು ಇಳಿದಿರಲಿಲ್ಲ. ಬಹಳ ಹೊತ್ತಿನ ಮೇಲೆ ಹಂಡೆಯ ತಳ ಗುಂಯ್ ಎನ್ನತೊಡಗಿತು.